ಕೆರೆಯ ರಾತ್ರಿಗಳು

2022ರ ಸೆಪ್ಟೆಂಬರ್ ಮೊದಲ ವಾರ ಹಿರಿಯೂರು ಬಳಿಯ ವಾಣಿವಿಲಾಸ ಸಾಗರ, ಅಂದರೆ ಮಾರಿಕಣಿವೆ ಅಣೆಕಟ್ಟು, ಕೋಡಿ ಬಿತ್ತು. ಅದಕ್ಕೂ ಮುಂಚೆ ಅದು ಕೋಡಿ ಹರಿದದ್ದು 1933ರಲ್ಲಿ. ನಡುವಿನ 89 ವರ್ಷಗಳಲ್ಲಿ ಹುಟ್ಟಿ, ಮಾರಿಕಣಿವೆಯ ನೀರನ್ನೇ ನಂಬಿ ತೋಟ ಮಾಡಿ, ಆ ಕೋಡಿಯನ್ನು ಒಮ್ಮೆಯೂ ಕಣ್ಣಾರೆ ಕಾಣದೆ ಹೋದವರು ಎಷ್ಟೋ. ಹಾಗಾಗಿ ಅಂದು ಅಲ್ಲಿ ನೆರೆದವರ ಸಂತೋಷ ನನಗೆ ಅರ್ಥವಾಗುತ್ತದೆ. ಭದ್ರೆಯಿಂದ ಹರಿಸಿದ ನೀರೂ ಸೇರಿ 2025ರ ಜನವರಿಯಲ್ಲಿ ಅದು ಮತ್ತೆ ಕೋಡಿ ಬಿತ್ತು. ಈ ಎರಡು ಸಂಭ್ರಮಗಳ ನಡುವೆಯೇ 2023 ಬಂದುಹೋಯಿತು. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಸರ್ಕಾರ ಘೋಷಿಸಿದ ವರ್ಷ ಅದು. 89 ವರ್ಷಗಳಲ್ಲಿ ಕಾಣದ ನೀರು ಒಂದು ವರ್ಷ, ಕುಡಿಯಲು ಟ್ಯಾಂಕರ್ ಕಾಯುವ ಗತಿ ಅದರ ಮರುವರ್ಷ.

ಹವಾಮಾನ ಬದಲಾವಣೆಯ ಮಾತು ಬಂದಾಗ ನಾವು ಸಾಮಾನ್ಯವಾಗಿ ಇಲ್ಲಿಗೇ ನಿಲ್ಲಿಸುತ್ತೇವೆ. ಮಳೆ ಹೆಚ್ಚಾಯಿತು, ಮಳೆ ಕಡಿಮೆಯಾಯಿತು. ಕೆರೆಯನ್ನು ಕೇಳುವುದೂ ಒಂದೇ ಪ್ರಶ್ನೆ: ತುಂಬಿತೇ? ತುಂಬಿದರೆ ಬಾಗಿನ, ಇಲ್ಲದಿದ್ದರೆ ಹೂಳೆತ್ತುವ ಟೆಂಡರ್. ಕೋಲಾರದ ಕಡೆಯ ಕೆರೆಗಳ ನಡುವೆ ಬೆಳೆದ ನಾನೂ ಬಹುಕಾಲ ಕೆರೆಯನ್ನು ಅದರ ನೀರಿನ ಮಟ್ಟದಿಂದಲೇ ಅಳೆದವನು. ನಮ್ಮ ಕಡೆ ಬೇರೆ ಅಳತೆಗೆ ಪುರುಸೊತ್ತೂ ಇರಲಿಲ್ಲ. ಆದರೆ ಇತ್ತೀಚಿನ ಬೇಸಿಗೆಗಳನ್ನು ನೋಡಿದ ಮೇಲೆ ನನಗೆ ಒಂದು ವಿಷಯ ಖಚಿತವಾಗಿದೆ. ಬಿಸಿಯಾಗುತ್ತಿರುವ ಈ ಕಾಲ ಕೆರೆಯಿಂದ ಮೊದಲು ಕಸಿದುಕೊಳ್ಳುತ್ತಿರುವುದು ನೀರನ್ನಲ್ಲ, ಅದರ ಹೊತ್ತು ವೇಳೆಗಳನ್ನು. ತುಂಬುವ ಹೊತ್ತು, ಬತ್ತುವ ಹೊತ್ತು, ತಣ್ಣಗಾಗುವ ಹೊತ್ತು ಎಲ್ಲವೂ ತಪ್ಪುತ್ತಿವೆ. ಅದು ನೀರಿನ ಮಟ್ಟದಲ್ಲಿ ಕಾಣುವುದಿಲ್ಲ.

ವರ್ಷಕ್ಕೆ ಸುಮಾರು 700 ಮಿಲಿಮೀಟರ್ ಮಳೆ ಬೀಳುವ, ವರ್ಷವಿಡೀ ಹರಿಯುವ ಹೊಳೆಯಿಲ್ಲದ ಸೀಮೆ ನಮ್ಮದು. ಪಾಲಾರ್, ಎರಡು ಪಿನಾಕಿನಿಗಳು ಹೆಸರಿಗೆ ನದಿಗಳು. ನಿಜದಲ್ಲಿ ಅವು ಒಂದರ ಕೋಡಿ ಇನ್ನೊಂದಕ್ಕೆ ಇಳಿಯುವ ಕೆರೆಗಳ ಸಾಲು. ಈ ಕೆರೆಗಳನ್ನು ಕಟ್ಟಿದವರು ಏರಿಯ ದಪ್ಪ, ತೂಬಿನ ಆಳ, ಕೋಡಿಯ ಎತ್ತರ ನಿಗದಿ ಮಾಡಿದ್ದು ತಲೆಮಾರುಗಳ ಮಳೆಯನ್ನು ನೆನಪಿಟ್ಟುಕೊಂಡೇ. ಮುಂಗಾರು ನೆಲ ನೆನೆಸುತ್ತಿತ್ತು. ಉತ್ತರೆ, ಹಸ್ತ, ಚಿತ್ತೆಯ ಹಿಂಗಾರು ಮಳೆ ಕೆರೆ ತುಂಬಿಸುತ್ತಿತ್ತು. ನೀರುಗಂಟಿ ತೂಬು ಎತ್ತಿ ಅಚ್ಚುಕಟ್ಟಿಗೆ ಪಾಳಿಯಲ್ಲಿ ನೀರು ಬಿಡುತ್ತಿದ್ದ. ಶಿವರಾತ್ರಿ ಕಳೆದ ಮೇಲೆ ನೀರು ಒಳಗೊಳಗೆ ಸರಿಯುತ್ತ ಅಂಗಳದ ಅಂಚು ಬಿಡುತ್ತಿತ್ತು. ಅಲ್ಲಿ ದನ ಮೇಯುತ್ತಿದ್ದವು. ಚೈತ್ರ, ವೈಶಾಖದಲ್ಲಿ ಒಣಗಿದ ಕಡೆಯಿಂದ ಗಾಡಿಗಳಲ್ಲಿ ಗೋಡು ಹೊಲಕ್ಕೆ ಹೋಗುತ್ತಿತ್ತು. ಬತ್ತಿದ ಅಂಗಳ ಸತ್ತ ಅಂಗಳವಾಗಿರಲಿಲ್ಲ. ಬಿರುಕು ಬಿಟ್ಟ ಆ ಕೆಸರಿನೊಳಗೆ ಗಿಡಗಳ ಬೀಜ, ಕಣ್ಣಿಗೆ ಕಾಣದ ಜಲಜೀವಿಗಳ ಮೊಟ್ಟೆ, ಬಾಯಿ ಮುಚ್ಚಿಕೊಂಡ ಬಸವನಹುಳುಗಳು ಮಳೆಗಾಗಿ ಕಾದಿರುತ್ತಿದ್ದವು. ಬಿಸಿಲು ಬಿದ್ದ ಕೆಸರಿಗೆ ಗಾಳಿ ತಾಗಿ ಅದರ ಕೊಳೆ ಕಳೆಯುತ್ತಿತ್ತು. ಹೊಸ ನೀರು ಬಂದ ಕೆಲವೇ ದಿನಗಳಲ್ಲಿ ಅದೇ ಕೆಸರು ಮರಿಮೀನುಗಳಿಗೆ ಆಹಾರ ಉಕ್ಕಿಸುತ್ತಿತ್ತು.

ಈ ಏರಿಳಿತವನ್ನೇ ನಂಬಿ ಸಂಸಾರ ಹೂಡುವವರು ಇನ್ನೂ ಇದ್ದಾರೆ. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಮನೆಗಳ ನಡುವಿನ ಹುಣಸೆಮರಗಳ ಮೇಲೆ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಗೂಡು ಕಟ್ಟುತ್ತವೆ. ಬಣ್ಣದ ಕೊಕ್ಕರೆ ಮೀನನ್ನು ಕಣ್ಣಿನಿಂದ ಹುಡುಕುವುದು ಕಡಿಮೆ. ಮೊಣಕಾಲುದ್ದದ ನೀರಿನಲ್ಲಿ ನಿಂತು, ಅರೆತೆರೆದ ಕೊಕ್ಕನ್ನು ಮುಳುಗಿಸಿ, ತಲೆಯನ್ನು ಅತ್ತಿತ್ತ ಆಡಿಸುತ್ತ, ಕೊಕ್ಕಿಗೆ ತಾಗಿದ ಮೀನನ್ನು ಗಬಕ್ಕನೆ ಹಿಡಿಯುತ್ತದೆ. ಅಂದರೆ ಅದಕ್ಕೆ ಬೇಕಾದುದು ತುಂಬಿದ ಕೆರೆಯಲ್ಲ, ಇಳಿಯುತ್ತಿರುವ ಕೆರೆ. ನೀರು ಇಳಿದು ಮೀನು ಒತ್ತೊತ್ತಾಗಿ ಸಿಕ್ಕುವ ಕಾಲಕ್ಕೆ ಸರಿಯಾಗಿ ಗೂಡಿನಲ್ಲಿ ಮರಿಗಳು ಬಾಯಿ ತೆರೆದಿರಬೇಕು. ನೀರು ಬೇಗ ಬತ್ತಿದರೆ ಮರಿಗಳಿಗೆ ಹಸಿವು. ಬತ್ತದೆ ತುಂಬಿಯೇ ನಿಂತರೆ ಕಾಲಿಡಲು ತಾವಿಲ್ಲ.

ಇನ್ನು ಬಿಸಿಯ ಸಂಗತಿ. ಜಗತ್ತಿನ 235 ಸರೋವರಗಳ ಬೇಸಿಗೆಯ ಮೇಲ್ನೀರಿನ ಉಷ್ಣತೆಯನ್ನು ಒಟ್ಟಿಗಿಟ್ಟು ನೋಡಿದ ಅಧ್ಯಯನವೊಂದು 2015ರಲ್ಲಿ ಪ್ರಕಟವಾಯಿತು. 1985ರಿಂದ 2009ರವರೆಗೆ ಅವು ಸರಾಸರಿ ದಶಕಕ್ಕೆ 0.34 ಡಿಗ್ರಿಯಂತೆ ಬೆಚ್ಚಗಾಗಿದ್ದವು. ಕಾಲು ಡಿಗ್ರಿ, ಅರ್ಧ ಡಿಗ್ರಿ ಎಂದರೆ ನಮ್ಮ ಮೈಗೆ ಗೊತ್ತೂ ಆಗುವುದಿಲ್ಲ. ಮೀನಿಗೆ ಗೊತ್ತಾಗುತ್ತದೆ. 20 ಡಿಗ್ರಿಯ ಒಂದು ಲೀಟರ್ ನೀರು ಹೆಚ್ಚೆಂದರೆ ಸುಮಾರು 9.1 ಮಿಲಿಗ್ರಾಂ ಆಮ್ಲಜನಕ ಹಿಡಿದಿಟ್ಟುಕೊಳ್ಳಬಲ್ಲದು. 30 ಡಿಗ್ರಿಯಲ್ಲಿ ಅದು 7.5ಕ್ಕೆ ಇಳಿಯುತ್ತದೆ. ನೀರು ಬಿಸಿಯಾದಷ್ಟೂ ಮೀನಿನ ಮೈಗೆ ಬೇಕಾದ ಆಮ್ಲಜನಕ ಹೆಚ್ಚುತ್ತದೆ, ಕೊಳೆಸುವ ಬ್ಯಾಕ್ಟೀರಿಯಾ ತಿನ್ನುವುದೂ ಹೆಚ್ಚುತ್ತದೆ. ವರಮಾನ ಕಡಿಮೆಯಾಗಿ ಖರ್ಚು ಏರುವ ಸಂಸಾರ ಎಷ್ಟು ದಿನ ನಡೆದೀತು?

ಇದಕ್ಕಿಂತ ಸೂಕ್ಷ್ಮವಾದದ್ದು ಇನ್ನೊಂದಿದೆ. ಬಕೆಟ್ಟಿನ ತಣ್ಣೀರಿಗೆ ಬಿಸಿನೀರು ಮೆಲ್ಲಗೆ ಸುರಿದು ಕೈಯಾಡಿಸದೆ ಬಿಟ್ಟರೆ ಮೇಲೆ ಸುಡುತ್ತದೆ, ಕೆಳಗೆ ತಣ್ಣಗೇ ಇರುತ್ತದೆ. ಬಿಸಿಲಿಗೆ ಕಾದ ಕೆರೆಯೂ ಹಾಗೆಯೇ. ಬಿಸಿನೀರು ಹಗುರ, ತಣ್ಣೀರು ಭಾರ; ಎರಡೂ ಪದರಗಳಾಗಿ ನಿಲ್ಲುತ್ತವೆ. ಗಾಳಿಯ ಸೋಂಕಿರುವುದು ಮೇಲಿನ ಪದರಕ್ಕೆ ಮಾತ್ರ. ಕೆಳಗಿನ ಪದರದಲ್ಲಿ ಇದ್ದ ಆಮ್ಲಜನಕ ಖರ್ಚಾಗುತ್ತ ಹೋಗುತ್ತದೆ, ಹೊಸದು ಬರುವುದಿಲ್ಲ. ಶೀತ ದೇಶಗಳ ಜನ ಒಂದು ಡಿಗ್ರಿಗೆ ಅಷ್ಟು ಗಾಬರಿಯಾಗುವಾಗ ಮೊದಲೇ ಬಿಸಿ ನೆಲದಲ್ಲಿರುವ ನಮಗೇನು ಎಂದು ಯಾರಾದರೂ ಕೇಳಬಹುದು. ನೀರಿನ ಗುಣ ಈ ಮಾತಿಗೆ ವಿರುದ್ಧವಾಗಿದೆ. 5 ಡಿಗ್ರಿಯ ನೀರು 6ಕ್ಕೆ ಏರಿದಾಗ ಎಷ್ಟು ಹಗುರವಾಗುತ್ತದೋ ಅದರ ಹತ್ತು ಪಟ್ಟಿಗೂ ಹೆಚ್ಚು ಹಗುರವಾಗುತ್ತದೆ 29 ಡಿಗ್ರಿಯ ನೀರು 30ಕ್ಕೆ ಏರಿದಾಗ. ಆ ಒಂದೇ ಡಿಗ್ರಿ ನಮ್ಮ ಕೆರೆಗಳಲ್ಲಿ ಪದರಗಳನ್ನು ಇನ್ನೂ ಬಿಗಿಯಾಗಿ ಬೇರ್ಪಡಿಸುತ್ತದೆ.

ಜಪಾನಿನ ಬಿವಾ ಸರೋವರದ ಕಥೆ ಓದಿದಾಗ ಈ ಸಂಗತಿ ನನಗೆ ಮನದಟ್ಟಾಯಿತು. ನೂರು ಮೀಟರ್‌ಗೂ ಮಿಗಿಲು ಆಳದ ಆ ಸರೋವರದಲ್ಲಿ ಚಳಿಗಾಲದ ಕೊನೆಗೆ ಮೇಲ್ನೀರು ತಣ್ಣಗಾಗಿ, ಭಾರವಾಗಿ, ತಳಕ್ಕಿಳಿದು ಇಡೀ ಸರೋವರ ಒಮ್ಮೆ ಕಲಸಿಕೊಳ್ಳುತ್ತದೆ. ಗಾಳಿಯ ಆಮ್ಲಜನಕ ತಳ ಮುಟ್ಟುವುದು ಆಗಲೇ. ಅಲ್ಲಿನ ಜನ ಇದನ್ನು ಬಿವಾ ತೆಗೆದುಕೊಳ್ಳುವ ದೀರ್ಘ ಉಸಿರು ಎನ್ನುತ್ತಾರೆ. 1979ರಿಂದ ಅಳೆಯುತ್ತ ಬಂದವರಿಗೆ ಆ ಉಸಿರು ಮೊದಲ ಬಾರಿ ಪೂರ್ತಿಯಾಗದೆ ಹೋದದ್ದು 2019ರಲ್ಲಿ. ಮರುವರ್ಷವೂ ಹಾಗೆಯೇ ಆಯಿತು. ಚಳಿಗಾಲ ಬೆಚ್ಚಗಿತ್ತು, ಅಷ್ಟೇ. ಸರೋವರದಲ್ಲಿ ನೀರೇನೂ ಕಡಿಮೆಯಾಗಿರಲಿಲ್ಲ. ದಡದಲ್ಲಿ ನಿಂತು ನೋಡಿದವರಿಗೆ ಯಾವ ವ್ಯತ್ಯಾಸವೂ ಕಂಡಿರಲಾರದು. 2021ರಲ್ಲಿ ಅದು ಮತ್ತೆ ಪೂರ್ತಿಯಾಗಿ ಕಲಸಿಕೊಂಡಿತು ಎಂಬುದನ್ನು ಓದಿ ನನಗೆ ನಿಜವಾಗಿಯೂ ಸಮಾಧಾನವಾಯಿತು, ನೋಡದ ದೇಶದ ಸರೋವರವಾದರೂ.

ನಮ್ಮ ಕೆರೆಗಳು ಅಷ್ಟು ಆಳದವಲ್ಲ. ಎರಡಾಳು, ಮೂರಾಳು ನೀರು. ಅವು ವರ್ಷಕ್ಕೊಮ್ಮೆಯ ಚಳಿಗಾಲಕ್ಕೆ ಕಾಯುವುದಿಲ್ಲ. ಹಗಲಿಡೀ ಬಿಸಿಲಿಗೆ ಪದರವಾದ ನೀರು ಇರುಳು ತಂಪಾದಾಗ ಕೆಳಗಿಳಿದು ಕಲಸಿಕೊಳ್ಳುತ್ತದೆ. ಬಿವಾದ ಉಸಿರು ವರ್ಷಕ್ಕೊಂದಾದರೆ ನಮ್ಮ ಕೆರೆಯದು ರಾತ್ರಿಗೊಂದು. ಆದ್ದರಿಂದ ನಮ್ಮ ಕಡೆ ಹವಾಮಾನ ಬದಲಾವಣೆಯ ಪೆಟ್ಟನ್ನು ಹುಡುಕಬೇಕಾದುದು ಮಧ್ಯಾಹ್ನದ ಬಿಸಿಲಿನಲ್ಲಿ ಮಾತ್ರವಲ್ಲ, ರಾತ್ರಿಯ ಸೆಕೆಯಲ್ಲಿ. ಪತ್ರಿಕೆಗಳು ದೊಡ್ಡದಾಗಿ ಮುದ್ರಿಸುವುದು ಗರಿಷ್ಠ ಉಷ್ಣಾಂಶವನ್ನು. 2024ರ ಏಪ್ರಿಲ್ ಕೊನೆಗೆ ಬೆಂಗಳೂರಿನಲ್ಲಿ 38.5 ಡಿಗ್ರಿ ದಾಖಲಾದಾಗ ಅದು ಎಲ್ಲರ ಬಾಯಲ್ಲೂ ಇತ್ತು. ಅದೇ ದಿನಗಳ ಕನಿಷ್ಠ ಉಷ್ಣಾಂಶ ಒಳಪುಟದ ಮೂಲೆಯಲ್ಲಿ ಸಣ್ಣಕ್ಷರದಲ್ಲಿತ್ತು. ಕೆರೆಯ ಮಟ್ಟಿಗೆ ಆ ಸಣ್ಣಕ್ಷರವೇ ಮುಖ್ಯ ಸುದ್ದಿ. ಗಾಳಿಯಾಡದ, ತಣಿಯದ ಇರುಳುಗಳು ಸಾಲುಗಟ್ಟಿದರೆ ಕಲಸುವಿಕೆ ಅರ್ಧಕ್ಕೇ ನಿಲ್ಲುತ್ತದೆ. ತಳ ದಿನದಿಂದ ದಿನಕ್ಕೆ ಉಸಿರುಗಟ್ಟುತ್ತದೆ.

ನನಗೆ ಇದು ಪುಸ್ತಕದಿಂದ ಮಾತ್ರ ತಿಳಿದದ್ದಲ್ಲ. ಅಂಥ ಒಂದು ಬೇಸಿಗೆಯಲ್ಲಿ, ಮೇ ತಿಂಗಳ ಮೊದಲ ಗುಡುಗು ಮಳೆ ರಾತ್ರಿ ಜೋರಾಗಿ ಹೊಡೆದ ಮರುದಿನ, ಬೆಳಗಿನ ಜಾವ ಊರಿನವರು ಕೆರೆ ಏರಿಯ ಮೇಲೆ ಸೇರಿದ್ದರು. ಕೆರೆಯಲ್ಲಿ ಅರ್ಧ ನೀರಿತ್ತು. ಮಳೆನೀರು ಬಿಟ್ಟರೆ ಬೇರಾವ ನೀರೂ ಬಂದು ಸೇರದ ಕೆರೆ ಅದು. ನೀರಿನ ಮೇಲ್ಭಾಗದಲ್ಲಿ ಕಾಟ್ಲಾಗಳು ಅಗಲ ಬಾಯಿ ತೆರೆದು ಗಾಳಿಗಾಗಿ ಪರದಾಡುತ್ತಿದ್ದವು. ಎಷ್ಟೋ ಆಗಲೇ ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಕಿವಿರು ಎತ್ತಿ ನೋಡಿದರೆ ಕೆಂಪಿರಬೇಕಾದಲ್ಲಿ ಕಂದು. ಅಂಚಿನಲ್ಲಿ ಬೆರಳುದ್ದದ ಪಕ್ಕೆ, ಸಾಸಲು ಮೀನುಗಳು ಬೆಳ್ಳಗೆ ಗೆರೆ ಎಳೆದಂತೆ ಬಿದ್ದಿದ್ದವು. ಮೀನು ಹರಾಜು ಹಿಡಿದವನಿಗೆ ಸಿಟ್ಟು, ದುಃಖ ಎರಡೂ. ಯಾರೋ ವಿಷ ಹಾಕಿದ್ದಾರೆ ಎಂದು ಅವನು, ಅವನಿಗಾಗದವರ ಹೆಸರು ಹೇಳುತ್ತ ಅವನ ತಮ್ಮಂದಿರು. ಮಾತು ಕೈಕೈ ಮಿಲಾಯಿಸುವವರೆಗೂ ಹೋಯಿತು.

ಹಿಂದೆ ನೀರುಗಂಟಿ ಕೆಲಸ ಮಾಡುತ್ತಿದ್ದ ತಾತ ಒಬ್ಬರು ಇಳಿದು ಹೋಗಿ ತೂಬಿನ ಕಲ್ಲಿನ ಹತ್ತಿರ ಬೊಗಸೆಯಲ್ಲಿ ನೀರೆತ್ತಿ ಮೂಸಿ ನೋಡಿದರು. ನನ್ನನ್ನೂ ಕರೆದರು. ಕೊಳೆತ ಮೊಟ್ಟೆಯ ವಾಸನೆ.

"ಯಾರೂ ಏನೂ ಹಾಕಿಲ್ಲ ಕಣಪ್ಪ. ತಳದ ನೀರು ಮೇಲಕ್ಕೆ ಬಂದೈತೆ."

"ಮಳೆ ಬಂದ್ರೆ ಮೀನಿಗೆ ಒಳ್ಳೇದಲ್ವಾ ತಾತ?"

"ಬರೋ ಹೊತ್ಗೆ ಬಂದ್ರೆ ಒಳ್ಳೇದು. ಈ ಸಲ ರಾತ್ರಿ ಒಂದಿನಾನೂ ತಣ್ಣಗಾಗ್ಲಿಲ್ಲ ನೋಡು. ಕೆಸರು ಒಳಗೇ ಕುದಿದೈತೆ. ಅದ್ರ ಮೇಲೆ ಒಂದೇ ಸಲ ಆಲಿಕಲ್ಲಿನಂಥ ನೀರು ಬಿತ್ತು. ಬುಡ ಮೇಲಾಯ್ತು."

ಅವರು ಹೇಳಿದ್ದೇ ಸರಿ. ವಾರಗಟ್ಟಲೆ ತಳದಲ್ಲಿ ಆಮ್ಲಜನಕವಿಲ್ಲದೆ ನಿಂತ ನೀರಿನಲ್ಲಿ ಜಲಜನಕದ ಸಲ್ಫೈಡ್ ಕೂಡಿಕೊಂಡಿರುತ್ತದೆ. ಆ ವಾಸನೆ ಅದರದು. ಮಳೆಯ ತಣ್ಣೀರು ಭಾರವಾಗಿ ತಳಕ್ಕೆ ನುಗ್ಗುತ್ತದೆ, ಗಾಳಿ ಉಳಿದದ್ದನ್ನು ಕಲಕುತ್ತದೆ, ಉಸಿರಿಲ್ಲದ ನೀರು ಇಡೀ ಕೆರೆಗೆ ಹರಡುತ್ತದೆ. ಬೆಳಗಿನ ಜಾವವಂತೂ ಯಾವ ಕೆರೆಯಲ್ಲೂ ಆಮ್ಲಜನಕ ತೀರಾ ಕಡಿಮೆ ಇರುವ ಹೊತ್ತು. ಪಾಚಿ, ಗಿಡ ಎಲ್ಲವೂ ರಾತ್ರಿಯಿಡೀ ಉಸಿರಾಡಿ ಮುಗಿಸಿರುತ್ತವೆ, ಸೂರ್ಯ ಬಂದು ಹೊಸದು ತಯಾರಾಗಿರುವುದಿಲ್ಲ. ಕೊಳಚೆ ಸೇರುವ ನಗರದ ಕೆರೆಗಳಲ್ಲಿ ಇದು ಇನ್ನಷ್ಟು ಸುಲಭ. 2016ರ ಮಾರ್ಚ್‌ನಲ್ಲಿ ಬೆಂಗಳೂರಿನ ಹಲಸೂರು ಕೆರೆಯಲ್ಲಿ ಸಾವಿರಾರು ಮೀನು ಸತ್ತು ತೇಲಿದ್ದನ್ನು ಓದುಗರು ಮರೆತಿರಲಾರರು. ಅಲ್ಲಿ ಕೊಳಚೆಯ ಪಾಲು ದೊಡ್ಡದು, ನಿಜ. ಆದರೆ ಕೊಳಚೆ ಒಂದು ಕಡೆ, ಸೆಕೆ ಇನ್ನೊಂದು ಕಡೆ ಎಂದು ಕೆರೆ ಬೇರೆ ಬೇರೆ ಲೆಕ್ಕ ಇಡುವುದಿಲ್ಲ. ಹೊಲಸು ತಡೆದುಕೊಳ್ಳುವ ಕೆರೆಯ ಶಕ್ತಿಯನ್ನು ಬಿಸಿ ಕುಗ್ಗಿಸುತ್ತದೆ.

ಅಂದಿನ ಬೆಳಿಗ್ಗೆ ಸಾಯದೆ ಉಳಿದವರು ಯಾರು ಎಂಬುದು ನನ್ನನ್ನು ಇಂದಿಗೂ ಯೋಚನೆಗೆ ಹಚ್ಚುತ್ತದೆ. ಕೊರವ ಉಳಿಯಿತು, ಅದು ಮೇಲೆ ಬಂದು ನೇರ ಗಾಳಿಯನ್ನೇ ನುಂಗಬಲ್ಲ ಮೀನು. ಜಿಲೇಬಿ ಉಳಿಯಿತು, ಆಫ್ರಿಕಾದಿಂದ ಬಂದ ಅದು ಕಡಿಮೆ ಆಮ್ಲಜನಕದಲ್ಲೂ ದಿನ ದೂಡುತ್ತದೆ. ಹೋದವು ಸಾಸಲು, ಪಕ್ಕೆಯಂಥ ಸಣ್ಣವು. ಬಡವರ ಮನೆಯಲ್ಲಿ ಮುಳ್ಳು ಸಮೇತ ಹುರಿದು, ಮಕ್ಕಳಿಗೆ ಸುಣ್ಣಾಂಶವಾಗಿ ಸೇರುತ್ತಿದ್ದ ಮೀನುಗಳು ಅವು. ಮುಂದಿನ ಮಳೆಗೆ ಕೆರೆ ಮತ್ತೆ ತುಂಬಿತು. ಮೀನೂ ತುಂಬಿಕೊಂಡವು. ಬಲೆ ಎಳೆದರೆ ಜಿಲೇಬಿಯೇ ಜಿಲೇಬಿ. ನೀರು, ಮೀನು ಎರಡೂ ಇರುವುದರಿಂದ ಏನೋ ಕಳೆದಿದೆ ಎಂದು ಯಾರಿಗೂ ಅನ್ನಿಸಲಿಲ್ಲ. ಬೆಚ್ಚನೆಯ ನೀರಿನಲ್ಲಿ ನೀಲಿಹಸಿರು ಪಾಚಿಯೂ ಹೀಗೆಯೇ ಗೆಲ್ಲುತ್ತದೆ. ಅದು ದನಕರುಗಳಿಗೆ ವಿಷವಾಗುವುದೂ ಉಂಟು. ಕುದಿದ ಕೆಸರಿನಿಂದ ಏಳುವ ಗುಳ್ಳೆಗಳಲ್ಲಿ ಮೀಥೇನ್ ಇರುತ್ತದೆ. ಬಿಸಿ ಏರಿದಷ್ಟೂ ಅದು ಹೆಚ್ಚು ಹೊರಬೀಳುತ್ತದೆ, ಮೇಲೆ ಹೋಗಿ ಬಿಸಿಯನ್ನು ಇನ್ನಷ್ಟು ಏರಿಸುತ್ತದೆ.

ಇದಕ್ಕೆ ನಾವು ಮಾಡಿಕೊಂಡಿರುವ ಪರಿಹಾರಗಳತ್ತ ಬಂದರೆ ನನಗೆ ಆತಂಕ ಹೆಚ್ಚಾಗುತ್ತದೆ. ಒಂದು ಡಿಗ್ರಿ ಬಿಸಿಯಾದ ಗಾಳಿ ಸುಮಾರು ಶೇಕಡ 7ರಷ್ಟು ಹೆಚ್ಚು ಆವಿ ಹಿಡಿಯುತ್ತದೆ. ಆದ್ದರಿಂದ ಮಳೆ ತಡವಾಗುತ್ತದೆ, ಬಂದರೆ ಮುಗಿಬೀಳುತ್ತದೆ. ತಿಂಗಳ ಮಳೆ ಎರಡೇ ದಿನದಲ್ಲಿ ಸುರಿದಾಗ ಹೊಲದ ಮಣ್ಣೆಲ್ಲ ಕೆರೆ ಸೇರುತ್ತದೆ. ಆ ನೀರನ್ನು ಬಿಡಬಾರದು, ಹಿಡಿದಿಡಬೇಕು ಎಂಬ ತರ್ಕ ಸರಿಯಾದುದೇ. ಅದಕ್ಕೆ ಆರಿಸಿಕೊಂಡ ದಾರಿ ಮಾತ್ರ ಒಂದೇ: ಜೆಸಿಬಿ ತಂದು ಅಂಚಿನಿಂದ ಅಂಚಿಗೆ ಒಂದೇ ಸಮ ಬಗೆಯುವುದು. ಇಳಿಜಾರಾಗಿ ಇಳಿಯುತ್ತಿದ್ದ ಅಂಗಳ ಗೋಡೆಯಂತೆ ನಿಂತ ಗುಂಡಿಯಾಗುತ್ತದೆ. ಆಪು, ಜೊಂಡು ಬೆಳೆಯುವ, ಮೀನು ಮೊಟ್ಟೆಯಿಡುವ, ಕಪ್ಪೆ ಕೂಗುವ, ಕೊಕ್ಕರೆ ಕಾಲೂರುವ ಜಾಗವೆಲ್ಲ ಆ ಇಳಿಜಾರಿನಲ್ಲೇ ಇತ್ತು. ಅದು ಹೋದ ಮೇಲೆ ಉಳಿಯುವುದು ಆಳದ, ಗಾಳಿ ಕಲಕಲಾಗದ, ರಾತ್ರಿ ತಣಿದರೂ ತಳ ಮುಟ್ಟದ ನೀರು. ಬಿಸಿ ಕಾಲಕ್ಕೆ ಸಿದ್ಧವಾಗುತ್ತೇವೆ ಎಂದುಕೊಂಡು, ಬಿಸಿ ಅತಿ ಹೆಚ್ಚು ಕಾಡುವ ಆಕಾರಕ್ಕೇ ಕೆರೆಯನ್ನು ತರುತ್ತಿದ್ದೇವೆ.

ವರ್ಷವಿಡೀ ತುಂಬಿಸಿಡುವ ವಿಷಯ ಇದಕ್ಕಿಂತ ಕಷ್ಟದ್ದು. 2018ರಿಂದ ಬೆಂಗಳೂರಿನ ಕೊಳಚೆಯನ್ನು ಎರಡು ಹಂತದಲ್ಲಿ ಶುದ್ಧೀಕರಿಸಿ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಕೋಲಾರದ ಕೆರೆಗಳಿಗೆ ಹರಿಸಲಾಗುತ್ತಿದೆ. ಸಾವಿರ ಅಡಿ ಕೊರೆದರೂ ಧೂಳು ಬರುತ್ತಿದ್ದ ಊರುಗಳಲ್ಲಿ ಕೊಳವೆಬಾವಿಗೆ ನೀರು ಬಂದಿದೆ. ಟೊಮೆಟೊ, ರೇಷ್ಮೆ ಬಿಟ್ಟು ಬೆಂಗಳೂರಿಗೆ ಕೂಲಿಗೆ ಹೊರಟಿದ್ದವರು ಹಿಂತಿರುಗಿದ್ದಾರೆ. ಈ ಸಂತೋಷದ ಎದುರು ನಿಂತು ಕೆರೆಗೆ ಬತ್ತುವ ಕಾಲವೂ ಬೇಕು ಎಂದು ಹೇಳುವುದು ಸುಲಭವಲ್ಲ. ಬರದಲ್ಲಿ ಬೆಂದವರಿಗೆ ಅದು ಕ್ರೂರ ಮಾತಾಗಿ ಕೇಳಿಸೀತು. ಆದರೂ ಹೇಳಲೇಬೇಕು. ಸಾರಜನಕ, ರಂಜಕ ಉಳಿಸಿಕೊಂಡೇ ಬರುವ ನೀರು, ಏರುತ್ತಿರುವ ಬಿಸಿ, ಎಂದೂ ಒಣಗದ ಕೆಸರು, ಈ ಮೂರೂ ಕೂಡಿದರೆ ಪಾಚಿಗೂ ಅಂತರಗಂಗೆಗೂ ಬೇರೇನೂ ಬೇಕಿಲ್ಲ. ಮೂರನೆಯ ಹಂತದ ಶುದ್ಧೀಕರಣ ಬೇಕು ಎಂದು ಕೋಲಾರ, ಚಿಕ್ಕಬಳ್ಳಾಪುರದ ಹೋರಾಟಗಾರರು ಮೊದಲಿನಿಂದ ಕೇಳುತ್ತಿರುವುದು ನ್ಯಾಯವಾಗಿದೆ. ಅದರ ಜೊತೆಗೆ ಸಾಲಿನ ಎಲ್ಲ ಕೆರೆಗಳನ್ನೂ ಸದಾ ತುಂಬಿಡದೆ, ಸರದಿಯ ಮೇಲೆ ಒಂದೊಂದಕ್ಕೆ ಇಳಿಯಲು ಅವಕಾಶ ಕೊಟ್ಟರೆ ಅಂತರ್ಜಲಕ್ಕೆ ಅಂಥ ನಷ್ಟವಾಗದು ಎಂದು ನನ್ನ ನಂಬಿಕೆ. ಪಾಳಿ ಹಾಕಿ ನೀರು ಹಂಚುವ ವಿದ್ಯೆ ನೀರುಗಂಟಿಗಳ ಊರಿಗೆ ಹೊಸದಲ್ಲ.

ಇವೆಲ್ಲಕ್ಕೂ ಮೊದಲು ಗೊತ್ತಿರಬೇಕಾದುದು ಕೆರೆಯ ಒಳಗೆ ಏನಾಗುತ್ತಿದೆ ಎಂಬುದು. ನಮ್ಮ ಕೆರೆಗೆ ಮಟ್ಟ ತೋರಿಸುವ ಗುರುತುಗಳಿವೆ, ಹತ್ತಿರದಲ್ಲಿ ಮಳೆ ಅಳೆಯುವ ಮಾಪಕವೂ ಇದೆ. ತಳದ ನೀರಿನ ಬಿಸಿ ಎಷ್ಟು, ನಸುಕಿನಲ್ಲಿ ಆಮ್ಲಜನಕ ಎಷ್ಟು ಎಂದು ಅಳೆಯುವವರು ಇರಲಿಲ್ಲ. ಈಗ ಊರಿನ ಪ್ರೌಢಶಾಲೆಯ ವಿಜ್ಞಾನದ ಮೇಷ್ಟ್ರು ಮಕ್ಕಳೊಂದಿಗೆ ಬಿಸಿಯನ್ನಾದರೂ ಅಳೆಯಲು ಶುರು ಮಾಡಿದ್ದಾರೆ. ಹಗ್ಗಕ್ಕೆ ಕಟ್ಟಿದ ಥರ್ಮಾಮೀಟರ್, ತೂಬಿನ ಕಲ್ಲಿನಿಂದ ಇಳಿಬಿಟ್ಟು, ಸೂರ್ಯ ಹುಟ್ಟುವ ಮುಂಚೆ ಒಮ್ಮೆ, ಮಧ್ಯಾಹ್ನ ಒಮ್ಮೆ. ಮೇಲಿನ ನೀರು, ತಳದ ನೀರು, ಎರಡರ ಅಂತರ. ಅಂತರ ಬೆಳಿಗ್ಗೆಯೂ ಉಳಿದಿದ್ದರೆ ಕೆರೆ ಆ ರಾತ್ರಿ ಕಲಸಿಕೊಂಡಿಲ್ಲ ಎಂದರ್ಥ. ಹರಾಜು ಹಿಡಿದವನಿಗೆ ಆ ಲೆಕ್ಕ ಉಪಯೋಗಕ್ಕೆ ಬಂತು. ಅಂತರ ಹಲವು ದಿನ ಹಾಗೇ ಉಳಿದಾಗ ಅವನು ದೊಡ್ಡ ಮೀನನ್ನು ಬೇಗ ಹಿಡಿದು ಮಾರಿದ.

ಹೂಳೆತ್ತುವ ಹೊಸ ಅಂದಾಜು ಈಗ ಪಂಚಾಯ್ತಿಯ ಮುಂದಿದೆ. ಇಡೀ ಅಂಗಳವನ್ನು ಒಂದೇ ಆಳಕ್ಕೆ ತೆಗೆಯುವುದು ಅದರಲ್ಲಿರುವ ಯೋಜನೆ. ನೀರು ಒಳಬರುವ ಪಡುವಣ ಅಂಚನ್ನು ಇಳಿಜಾರಾಗಿಯೇ ಬಿಡಿ, ಅಲ್ಲಿನ ಆಪನ್ನು ಕೀಳಬೇಡಿ, ಆಳ ಬೇಕಾದರೆ ಏರಿಯ ಕಡೆ ಮಾತ್ರ ತೆಗೆಯಿರಿ ಎಂದು ನಾವು ಕೆಲವರು ಅರ್ಜಿ ಕೊಟ್ಟಿದ್ದೇವೆ. ಮಕ್ಕಳ ನೋಟ್‌ಬುಕ್ಕಿನ ಹಾಳೆಗಳ ನಕಲನ್ನೂ ಲಗತ್ತಿಸಿದ್ದೇವೆ. ಹಾಗೆ ಮಾಡಿದರೆ ಕಾಗದದ ಮೇಲೆ ಕೆರೆಯ ಸಾಮರ್ಥ್ಯ ಕಡಿಮೆಯಾಗುತ್ತದೆ ಎಂದು ಎಂಜಿನಿಯರ್ ಹೇಳಿದರು. ಅವರು ಹೇಳಿದ್ದರಲ್ಲಿ ಸುಳ್ಳಿಲ್ಲ. ಊರಿನಲ್ಲೂ ಎರಡು ಅಭಿಪ್ರಾಯಗಳಿವೆ. ಮುಂದಿನ ಗ್ರಾಮಸಭೆಯಲ್ಲಿ ಆ ತಾತನನ್ನೂ ಮಾತಾಡಲು ಕರೆತರುತ್ತೇವೆ. ಟೆಂಡರ್ ಆಗುವುದರೊಳಗೆ ಸಭೆ ನಡೆಯಬೇಕು ಎಂಬುದೊಂದೇ ಈಗ ನಮ್ಮ ಒತ್ತಾಯ.